ಮೂವತ್ತನೇ ತಾರೀಖಿನ ಸಹಿ

“ಮೇಡಂ, ಇವತ್ತು ತಾರೀಖೆಷ್ಟು?”

ಆಡಿಟರ್ ಇಷ್ಟು ಮೆಲ್ಲಗೆ ಕೇಳಿದನೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಬೈಂಡಿಂಗ್ ಅಂಗಡಿಯ ಒಡತಿ ಕ್ಯಾಲೆಂಡರಿನತ್ತ ನೋಡಿದಳು.

“ಹನ್ನೆರಡು. ಯಾಕ್ರೀ?”

“ನಿಮ್ಮ ಐದೂ ಜನ ಕೆಲಸಗಾರರು ಮೂವತ್ತನೇ ತಾರೀಖಿನವರೆಗೂ ಹಾಜರಾಗಿಬಿಟ್ಟಿದ್ದಾರೆ!” ಅವನು ಹಾಜರಿ ಪುಸ್ತಕವನ್ನು ಅವಳತ್ತ ತಿರುಗಿಸಿದ. “ಮೊನ್ನೆ ಜ್ವರ ಬಂದು ಮನೇಲಿ ಮಲಗಿದ್ದ ಚಿಕ್ಕಪ್ಪನೂ ಸೇರಿ.”

ಹಾಗೆ ಮಾಡಿಸಿದ್ದು ಅವಳೇ. ಕೆಲಸ ಶುರುವಾದರೆ ಎಲ್ಲರ ಕೈಯೂ ಅಂಟು. ಪುಸ್ತಕ ಮುಟ್ಟಿದರೆ ಹಾಳೆಗೆ ಹಾಳೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಒಂದನೇ ತಾರೀಖು, ಕೈ ಶುಭ್ರವಾಗಿರುವಾಗಲೇ, ಇಡೀ ತಿಂಗಳ ಸಹಿ ಹಾಕಿಸಿಕೊಳ್ಳುವುದು ಅವಳ ಅಪ್ಪನ ಕಾಲದ ರೂಢಿ. ಅಪ್ಪನ ಕಾಲದಲ್ಲಿ ಯಾರೂ ನೋಡಲು ಬಂದಿರಲಿಲ್ಲ. ಇವತ್ತು ಮೂರು ಗಂಟೆಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಿದ್ದಾರೆ. ಆಗಲೇ ಒಂದೂವರೆ.

“ಅಂಗಡಿ ಮುಚ್ಚಿಸ್ತಾರಾ?”

“ಸಂಬಳ, ತೆರಿಗೆ, ವಿಮೆ, ಎಲ್ಲ ಸರಿಯಾಗಿ ಕಟ್ಟಿದ್ದೀರಿ. ಆದ್ರೆ ಈ ಪುಸ್ತಕ ನೋಡಿದ ಮೇಲೆ ಯಾರು ನಂಬ್ತಾರೆ?”

ಅವನ ಬೆರಳುಗಳ ನಡುವೆ ಪೆನ್ನು ಅಲ್ಲಾಡದೆ ನಿಂತಿತ್ತು. ಎರಡು ವರ್ಷದಿಂದ ಪ್ರತಿ ಗುರುವಾರ ಆ ಬೆರಳುಗಳನ್ನು ಕದ್ದು ನೋಡುವುದು ಅವಳ ಚಟ. ಅವು ಬರೆಯದೆ ನಿಂತದ್ದನ್ನು ಕಂಡದ್ದು ಇದೇ ಮೊದಲು. ಅವಳ ಕಣ್ಣು ತುಂಬಿತು.

ಚಿಕ್ಕಪ್ಪ ಅಂಟಿನ ಬಟ್ಟಲು ಕೆಳಗಿಟ್ಟು ಬಂದರು. ರಕ್ತಸಂಬಂಧವೇನಿಲ್ಲ; ಅಂಗಡಿಯ ಹಿರಿಯ ಬೈಂಡರ್, ಎಲ್ಲರಿಗೂ ಚಿಕ್ಕಪ್ಪ.

“ಅದಕ್ಯಾಕಮ್ಮ ಅಳ್ತೀಯಾ? ಬೈಂಡರ್ ಅಂಗಡೀಲಿ ಪುಸ್ತಕಕ್ಕೆ ಬರವಾ? ಒಂದು ಗಂಟೇಲಿ ಹೊಸದು ಹೊಲೀತೀನಿ, ಅಂಚಿಗೆ ಟೀ ಬಳಿದು ಹಳೇದು ಮಾಡ್ತೀನಿ. ಆಡಿಟರ್ ಸಾಹೇಬ್ರು ‘ಪರಿಶೀಲಿಸಿದ್ದೇನೆ’ ಅಂತ ಒಂದು ಸಹಿ ಎಳೆದ್ರೆ ಮುಗೀತು.”

ಅವಳು ಆಡಿಟರನ ಮುಖ ನೋಡಿದಳು. ಒಂದು ಮಾತು ಕೇಳಿದರೆ ಸಾಕು, ಸಹಿ ಹಾಕಿಯೇ ಬಿಡುತ್ತಾನೆ. ಸಿಕ್ಕಿಬಿದ್ದರೆ ಅವನ ಲೈಸೆನ್ಸೇ ಹೋಗುತ್ತದೆ. ಅಂಗಡಿ ಹೋಗುವ ಭಯಕ್ಕಿಂತ ಈ ಭಯವೇ ದೊಡ್ಡದಾಯಿತು. ಅಯ್ಯೋ, ಇವನ ಮೇಲೆ ಇಷ್ಟೊಂದು ಪ್ರೀತಿ ಯಾವಾಗ ಬಂತು?

“ಬೇಡ ಚಿಕ್ಕಪ್ಪ. ಇದ್ದದ್ದನ್ನೇ ತೋರಿಸ್ತೀನಿ. ಸಾರ್, ನೀವು ಹೋಗಿಬಿಡಿ. ಹಿಂದಿನ ಬಾಗಿಲು ತೆಗೆದಿದೆ.”

“ಚೆನ್ನಾಗಿದೆ ಕಣ್ರೀ! ಇಷ್ಟು ದಿನ ಮುಂದಿನ ಬಾಗಿಲಲ್ಲಿ ಬಂದೋನು ಇವತ್ತು ಹಿಂದಿನಿಂದ ಓಡ್ಲಾ?” ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ.

ಮೂರಕ್ಕೆ ಸರಿಯಾಗಿ ಇನ್‌ಸ್ಪೆಕ್ಟರಮ್ಮ ಬಂದರು. ಅವಳು ಪುಸ್ತಕ ಮುಂದಿಟ್ಟು ಎಲ್ಲ ಹೇಳಿದಳು. ಅವರು ನಗಲಿಲ್ಲ. ಬ್ಯಾಂಕಿನ ಕಾಗದಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಚಿಕ್ಕಪ್ಪನನ್ನು ಕರೆದು, “ಎಲ್ಲಿ, ಈ ಅಂಟು ಕೈಯಲ್ಲೇ ಒಂದು ಸಹಿ ಹಾಕಿ,” ಎಂದರು.

ಚಿಕ್ಕಪ್ಪ ಹಾಕಿದರು. ಕೈ ಎತ್ತಿದಾಗ ಹಾಳೆಯ ಮೂಲೆ ಪರ್ರೆಂದು ಕಿತ್ತು ಬಂತು.

“ಬಾಗಿಲಲ್ಲಿ ಒಂದು ಬಕೆಟ್ ನೀರಿಡಿ. ಕೈ ತೊಳೆದು ದಿನಾ ಸಹಿ ಹಾಕ್ಲಿ. ಈ ಸಲ ದಂಡ. ಇನ್ನೊಂದು ಸಲ ಕಂಡ್ರೆ ಬೀಗ!”

ಇನ್‌ಸ್ಪೆಕ್ಟರಮ್ಮ ಹೋದರು. ಹೋದ ಜೀವ ಬಂದಂತಾಗಿ, ಅವಳು ಕಿತ್ತ ಹಾಳೆಗೆ ಅಂಟು ಹಚ್ಚಲು ಕೂತಳು.

“ಮೇಡಂ,” ಆಡಿಟರ್ ಬ್ಯಾಗು ಎತ್ತಿಕೊಂಡ, “ಇನ್ನು ನಿಮ್ಮ ಲೆಕ್ಕಕ್ಕೆ ನಾನು ಸಹಿ ಹಾಕಲ್ಲ. ಬೇರೆಯವರನ್ನ ನೋಡ್ಕೊಳ್ಳಿ.”

ಬಂದ ಜೀವ ಮತ್ತೆ ಹೋಯಿತು. “ಅಷ್ಟು ಬೇಜಾರಾಯ್ತಾ?”

“ಬೇಜಾರಲ್ಲ, ಹೆದರಿಕೆ. ಆ ಸುಳ್ಳು ಪುಸ್ತಕಕ್ಕೆ ಸಹಿ ಹಾಕೋಕೆ ತಯಾರಾಗಿದ್ದೆ ನಾನು. ಹದಿನಾಲ್ಕು ವರ್ಷದಲ್ಲಿ ಯಾರಿಗೋಸ್ಕರಾನೂ ಹಾಗನ್ನಿಸಿರ್ಲಿಲ್ಲ.” ಅವನ ಕಿವಿ ಕೆಂಪಾಯಿತು. “ಮತ್ತೆ... ಹೆಂಡತಿ ಅಂಗಡಿ ಲೆಕ್ಕಾನ ಗಂಡ ಆಡಿಟ್ ಮಾಡೋ ಹಾಗಿಲ್ಲ. ನಿಯಮ.”

“ಹೀಗಾ ಕೇಳೋದು!” ಎಂದವಳೇ ಅತ್ತುಬಿಟ್ಟಳು. ಮರೆತು ಕೈ ಚಾಚಿದಳು.

“ಕೈಯೆಲ್ಲ ಅಂಟು, ತೊಳ್ಕೊಳ್ಳಮ್ಮ,” ಎಂದರು ಚಿಕ್ಕಪ್ಪ.

“ಇರ್ಲಿ ಬಿಡಿ,” ಎಂದು ಆಡಿಟರ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.