ತೊಂಬತ್ತಾರು, ನಾನೂರ ಹನ್ನೆರಡು

ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವನ ಮೇಜಿನ ಮೇಲಿದ್ದ ಎಣಿಕೆಯ ಕೌಂಟರ್ ನಾನೂರ ಹನ್ನೆರಡು ತೋರಿಸುತ್ತಿತ್ತು. ಪಕ್ಕದ ಚೀಟಿಯಲ್ಲಿ ಅವನು ಬರೆದದ್ದು ತೊಂಬತ್ತೆಂಟು.

ಚೀಟಿ ಒಯ್ಯಲು ಬಂದವಳು ಅಲ್ಲೇ ನಿಂತಳು. ಅದೇ ನೀರಿಗೆ ಅವಳ ಲೆಕ್ಕ ತೊಂಬತ್ತಾರು.

ಹೊಸ ಕೆರೆಯ ನೀರು ಸಂಜೆ ಆರಕ್ಕೆ ಊರಿನ ಅರ್ಧ ನಲ್ಲಿಗಳಿಗೆ ಹರಿಯಬೇಕಿತ್ತು. ಅದಕ್ಕೆ ಮೊದಲು ಒಂದೇ ಬಾಟಲಿಯ ನೀರನ್ನು ಇಬ್ಬರು ಬೇರೆ ಬೇರೆ ಮೈಕ್ರೋಸ್ಕೋಪಿನಲ್ಲಿಟ್ಟು, ಅದರಲ್ಲಿನ ಪಾಚಿಯನ್ನು ಜಾತಿವಾರು ಎಣಿಸಬೇಕು. ಇಬ್ಬರ ಲೆಕ್ಕ ಹೆಚ್ಚುಕಮ್ಮಿ ಹೊಂದಿ, ಮಿತಿಯೊಳಗಿದ್ದರೆ ನೀರು ಬಿಡಲು ಸಹಿ. ವರ್ಷದಲ್ಲಿ ಮೂರು ಸಲ ಲೆಕ್ಕ ಹೊಂದದಿದ್ದರೆ ಜೋಡಿ ಒಡೆದು, ಕಿರಿಯರನ್ನು ಅಣೆಕಟ್ಟಿನ ಲ್ಯಾಬಿಗೆ ಹಾಕುತ್ತಾರೆ. ಇವರದು ಈಗಾಗಲೇ ಎರಡು ಸಲ ತಪ್ಪಿತ್ತು. ಕಿರಿಯ ಅವನು.

ಅವನು ಎರಡು ಲೋಟ ಟೀ ಹಿಡಿದು ಬಂದ. ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದನೆಂದು ಲ್ಯಾಬಿಗೆಲ್ಲ ಅವನು ಮೇಷ್ಟ್ರು.

"ಇದೇನು ಮೇಷ್ಟ್ರೇ?"

"ಕೌಂಟರ್."

"ಅದು ಕಾಣುತ್ತೆ. ನಾನೂರ ಹನ್ನೆರಡು ಯಾವುದು?"

"ಹಳೇದು. ಸೊನ್ನೆ ಮಾಡೋಕೆ ಮರೆತೆ."

"ನೀವು? ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡೋರು?"

ಎಂಟು ತಿಂಗಳಿಂದ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅವಳು ತಲೆಯೆತ್ತಿದಾಗೆಲ್ಲ ಅವನು ಲೆನ್ಸಿಗೆ ಕಣ್ಣಿಳಿಸುತ್ತಿದ್ದ, ಯಾವಾಗಲೂ ಅರ್ಧ ಕ್ಷಣ ತಡವಾಗಿ. ಆ ಅರ್ಧ ಕ್ಷಣಕ್ಕೆಂದೇ ಅವಳು ದಿನಕ್ಕೆ ಹತ್ತು ಸಲ ತಲೆಯೆತ್ತುತ್ತಿದ್ದಳು. ಇವತ್ತು ಅವನು ಟೀ ಲೋಟ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಅವಳು ಅವನ ಕುರ್ಚಿ ಎಳೆದು ಕೂತಳು. ಗಾಜಿನ ತಳದಲ್ಲಿ ದೋಣಿಯಾಕಾರದ ಕಣಗಳು, ನಾಲ್ಕಾರು ಹಸಿರು ಗುಂಡುಗಳು. ತಾನು ಕಂಡದ್ದೇ. ಒಳ್ಳೆಯ ನೀರಿನ ಗುರುತು.

"ಎಲ್ಲ ಸರಿಯಾಗಿದೆಯಲ್ಲ?"

ಅವನು ಬಗ್ಗಿದ. ಅವನ ಉಸಿರು ಅವಳ ಕಿವಿಗೆ ತಗುಲಿತು. ಮೈಕ್ರೋಸ್ಕೋಪಿನ ಫೋಕಸ್ ಹಿಡಿಯನ್ನು ಕಾಲು ಸುತ್ತು ತಿರುಗಿಸಿದ.

"ತಳದಲ್ಲಲ್ಲ. ಮೇಲೆ."

ಮೇಲೆ ಮುಚ್ಚಿದ ಗಾಜಿನ ಒಳಮೈಗೆ ಅಂಟಿಕೊಂಡು ಮುದ್ದೆ ಮುದ್ದೆಯಾಗಿ ತೇಲುತ್ತಿತ್ತು. ನೀಲಿ ಪಾಚಿ. ಒಳಗೆ ಗಾಳಿ ತುಂಬಿಕೊಂಡಿರುವುದರಿಂದ ಅದು ಮುಳುಗುವುದಿಲ್ಲ. ಕೊಳಚೆ ಸೇರಿದ ನೀರಿನಲ್ಲಿ ಕೊಬ್ಬುತ್ತದೆ, ಕೆಲವೊಮ್ಮೆ ವಿಷ ಬಿಡುತ್ತದೆ. ಕುದಿಸಿದರೂ ಹೋಗದ ವಿಷ.

ಎಲ್ಲ ತಳದಲ್ಲೇ ಕೂತಿರುತ್ತದೆಂದು ಅವಸರದಲ್ಲಿ ಅವಳು ಮೇಲೆ ನೋಡುವುದನ್ನೇ ಬಿಟ್ಟಿದ್ದಳು.

"ಬೆಳಿಗ್ಗೆಯೇ ಕಂಡಿತ್ತಾ?"

"ಹ್ಞೂಂ."

"ಮತ್ತೆ ತೊಂಬತ್ತೆಂಟು ಎಲ್ಲಿಂದ ಬಂತು?"

"ನಿಮ್ಮ ಚೀಟಿ ಮೇಜಿನ ಮೇಲಿತ್ತು. ನೋಡಿಬಿಟ್ಟೆ." ಅವನು ಲೋಟ ಕೆಳಗಿಟ್ಟ. "ಇದು ಮೂರನೇ ಸಲ ಆಗ್ತಿತ್ತು. ನಿಮ್ಮ ಪಕ್ಕದ ಕುರ್ಚಿ ಬಿಡೋಕೆ ನನ್ನ ಕೈಲಿ ಆಗಲಿಲ್ಲ."

ಎಂಟು ತಿಂಗಳಿಂದ ಕೇಳಬೇಕೆಂದಿದ್ದ ಮಾತು. ಈಗ ಕೇಳಿದಾಗ ಮೈ ಉರಿಯಿತು.

"ನಮ್ಮಕ್ಕನ ಮಗುವಿಗೆ ಹದಿನೈದು ದಿನ. ಇದೇ ನೀರು ಕಾಯಿಸಿ ಬಾಟಲಿಗೆ ಹಾಕ್ತಾಳೆ. ಒಂದು ಕುರ್ಚಿಗೋಸ್ಕರ ಕುಡಿಸ್ತಿದ್ರಾ?"

"ಆರರೊಳಗೆ ಹೇಳ್ತಿದ್ದೆ."

"ನಿಜ ಹೇಳಿ."

"ಗೊತ್ತಿಲ್ಲ. ಅದಕ್ಕೇ ನನಗೆ ನನ್ನ ಮೇಲೇ ಹೇಸಿಗೆ ಆಗ್ತಿದೆ."

ಗಡಿಯಾರದಲ್ಲಿ ಐದೂ ಕಾಲು. ಅವನು ತೊಂಬತ್ತೆಂಟನ್ನು ಹೊಡೆದುಹಾಕಿ ನಾನೂರ ಹನ್ನೆರಡು ಬರೆದು ಸಹಿ ಹಾಕಿದ. ಆಮೇಲೆ ಪೆನ್ನನ್ನು ಅವಳತ್ತ ಚಾಚಿದ.

"ನೀವೂ ಮೇಲೆ ಎಣಿಸಿ ತಿದ್ದಿಬಿಡಿ. ನೀರು ಹೇಗೂ ನಿಲ್ಲುತ್ತೆ. ಲೆಕ್ಕಾನೂ ಹೊಂದುತ್ತೆ."

ತಿದ್ದಿದರೆ ಅವನು ಇಲ್ಲೇ ಉಳಿಯುತ್ತಾನೆ. ಯಾರಿಗೂ ಕೇಡಿಲ್ಲ. ಅವಳ ಕೈ ಪೆನ್ನಿನವರೆಗೆ ಹೋಯಿತು.

"ಹಿಂದೆ ಲೆಕ್ಕ ತಪ್ಪಿದ ಎರಡು ಸಲವೂ ನಾನು ತಳವನ್ನೇ ನೋಡಿದ್ದು," ಎಂದಳು. "ಇದನ್ನು ತಿದ್ದಿದರೆ, ನಾನು ಎಣಿಸಿದ ಬಾಕಿ ಬಾಟಲಿಗಳನ್ನ ಮತ್ತೆ ನೋಡೋರು ಯಾರು?"

ಪೆನ್ನು ತೆಗೆದುಕೊಳ್ಳಲಿಲ್ಲ.

ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಎರಡೂ ಚೀಟಿ ನೋಡಿ ಮೊದಲು ಫೋನ್ ಮಾಡಿ ವಾಲ್ವ್ ನಿಲ್ಲಿಸಿದರು. ಆಮೇಲೆ ನಡೆದದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಎಣ್ಣೆ ಸೀಗೇಕಾಯಿ ಆದ್ರಲ್ಲಪ್ಪ ನೀವಿಬ್ಬರೂ."

"ತಪ್ಪು ನನ್ನದು ಮೇಡಂ. ಅಣೆಕಟ್ಟಿಗೆ ನನ್ನನ್ನ ಕಳಿಸಿ," ಎಂದಳು ಅವಳು.

"ನಿಮ್ಮ ಕಣ್ಣಿಗೆ ಬೀಳಲಿಲ್ಲ. ಇವರು ಕಂಡೂ ಬಚ್ಚಿಟ್ಟರು. ಇವರು ಹೋಗಲಿ. ನೀವು ಹಳೇ ಬಾಟಲಿಗಳನ್ನೆಲ್ಲ ತೆಗೆದು ನಾಳೆಯಿಂದ ಎಣಿಸಿ. ಒಂದನ್ನೂ ಬಿಡೋ ಹಾಗಿಲ್ಲ."

ಕಾರಿಡಾರಿನಲ್ಲಿ ಇಬ್ಬರೂ ಒಂದು ಮೊಳ ದೂರ ನಿಂತರು. ಅವನು ಏನೋ ಹೇಳಲು ಬಾಯಿ ತೆರೆದ.

"ಈಗ ಏನೂ ಹೇಳಬೇಡಿ," ಎಂದಳು. "ಅಣೆಕಟ್ಟಿಗೆ ಮೊದಲ ಬಸ್ ಎಷ್ಟಕ್ಕೆ?"

"ಏಳಕ್ಕೆ."

"ವಾಪಸ್ ಬರೋದು?"

"ಸಂಜೆ ಐದಕ್ಕೊಂದೇ. ಯಾಕೆ?"

"ಭಾನುವಾರ ಬರ್ತೀನಿ. ಕ್ಷಮಿಸೋಕೆ ಅಂದ್ಕೋಬೇಡಿ. ನಿಮಗೆ ಬಯ್ಯೋಕೆ ಇವತ್ತು ಹೊತ್ತು ಸಾಲಲಿಲ್ಲ."