ಇರುವೆ ಹತ್ತಿದ ಗೋಡೆ

ಮಂಗಳವಾರ ಬೆಳಿಗ್ಗೆ ದೀಪ ಇರಲಿಲ್ಲ.

ದೇವರ ಕೋಣೆಯ ಗೋಡೆಯಲ್ಲಿ ಮಾಡ ಇತ್ತು, ದೀಪ ಇಡುವ ಗೂಡು. ಮಾಡದ ಕಮಾನಿಗೆ ನೂರು ವರ್ಷದ ಮಸಿ ಇತ್ತು. ಹಿತ್ತಾಳೆಯ ದೀಪ ಕೂತಿದ್ದ ಕಡೆ ಎಣ್ಣೆಯ ದುಂಡನೆ ಕಲೆ— ಅಷ್ಟೇ.

ಮುತ್ತಜ್ಜ ಅದನ್ನು ಬೀದರಿನಿಂದ ಉರಿಯುತ್ತಿರುವಾಗಲೇ ತಂದನಂತೆ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಈ ಮನೆಯಲ್ಲಿ ಅದು ಒಮ್ಮೆಯೂ ನಂದಿಲ್ಲವಂತೆ. ಮನೆಯ ರಿಪೇರಿ ಶುರುವಾದಾಗ ನನ್ನ ಆಯಿ, ಅಪ್ಪನ ತಾಯಿ ಬಸಲಿಂಗಮ್ಮನನ್ನೂ ಅವ್ವನನ್ನೂ ನನ್ನ ಕೊಂಡಾಪುರದ ಫ್ಲ್ಯಾಟಿಗೆ ಕರೆದೊಯ್ದೆ. ದೀಪ ಕಾಯಲು ಅಪ್ಪ ಉಳಿದ.

ಕಳವಿನ ಸುದ್ದಿ ಕೇಳಿ ಆಯಿ ಅಳಲಿಲ್ಲ.

"ದೀಪ ಹ್ವಾದ ಮನಿ ಯಾತಕ್ಕ? ಶರಣ ಅಂದಂಗ ಬಿಲ್ಡರಗ ಕೊಡೂಣು, ಕೆಡವಲಿ. ಆಯ್ತವಾರ ಸಹಿ ಹಾಕ್ತೀನಿ."

ಮನೆ ಅವಳ ಹೆಸರಿನಲ್ಲಿತ್ತು. ಭಾನುವಾರದವರೆಗೆ ನಮ್ಮ ಕೈಯಲ್ಲಿದ್ದದ್ದು ಐದು ದಿನ.

ಬುಧವಾರ ಮಧ್ಯಾಹ್ನ ಪೂರ್ವಿಯನ್ನು ಆ ಮನೆಗೆ ಕರೆದುಕೊಂಡು ಹೋದೆ. ಮಾದಾಪುರದ ವಿಮಾ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು, ಮೈಸೂರಿನವಳು. ಸುಳ್ಳು ಕ್ಲೇಮು ಹಿಡಿಯುವುದೇ ಅವಳ ಕೆಲಸ.

ಬಿಚ್ಚಿದ ಮಾಳಿಗೆಗೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಕಟ್ಟಿದ್ದರು. ಒಳಗೆಲ್ಲ ನೀರಿನಡಿಯ ಬೆಳಕು. ಹಸಿ ಸುಣ್ಣದ ವಾಸನೆ. ಸ್ಟೇಷನ್ನಿನಿಂದ ರೈಲಿನ ಹೆಸರುಗಳು ತೇಲಿ ಬಂದು ಖಾಲಿ ಕೋಣೆಗಳಲ್ಲಿ ಸುತ್ತುತ್ತಿದ್ದವು. ಮನೆಯೇ ಇನ್ನೇನು ಹೊರಡಲಿದೆ, ನಾವು ತಡವಾಗಿ ಹತ್ತಿದ್ದೇವೆ ಅನ್ನಿಸಿತು.

ಪೂರ್ವಿ ಮಾಡದೊಳಗೆ ಮೊಣಕೈವರೆಗೆ ಕೈ ಹಾಕಿದಳು. ಕಮಾನಿನ ಹಿಂದೆ, ಮೇಲಕ್ಕೆ ತಡವಿದಳು. ಏನೋ ಸಿಕ್ಕಿತು— ತುಕ್ಕು ಹಿಡಿದ ಪುಟ್ಟ ಡಬ್ಬಿ. ಕಿವಿಯ ಹತ್ತಿರ ಅಲ್ಲಾಡಿಸಿ ಜೇಬಿಗೆ ಹಾಕಿಕೊಂಡಳು.

"ಏನದು?"

"ಆಮೇಲೆ."

ಮೊದಲು ಸಿಕ್ಕವನು ಅಪ್ಪನ ತಮ್ಮ ಶರಣಕುಮಾರ ಕಾಕಾ.

"ಬಿಲ್ಡರ್ ಬರಲಿ ಅಂದಾಂವ ನಾನ, ಖರೆ," ಅಂದ. "ಆದ್ರ ದೀಪ ಯಾಕ ಕದೀಲಿ? ನಮ್ಮ ಮನ್ಯಾಗ ಲೈಟಿನ ಸ್ವಿಚ್ ಅದಾವ್ರಿ."

ಗಾರೆ ಕೆಲಸದ ಹುಲಗೇಶ ಡ್ರಮ್ಮಿನ ಪಕ್ಕ ಕೂತಿದ್ದ. ಡ್ರಮ್ಮಿನಿಂದ ಹುಳಿ ವಾಸನೆ ಬರುತ್ತಿತ್ತು.

"ಇದೇನು?" ಪೂರ್ವಿ ಕೇಳಿದಳು.

"ಬೆಲ್ಲದ ನೀರು, ಅಳಲೆಕಾಯಿ. ಎಂಟು ದಿನ ಕೊಳಸ್ಬೇಕ್ರಿ. ಆಮ್ಯಾಲ ಸುಣ್ಣಕ್ಕ ಹಾಕೂದು. ಹಳೀ ಗೋಡಿಗೆ ಸಿಮೆಂಟು ಹತ್ತಂಗಿಲ್ಲ."

"ಒಣಗೋದಕ್ಕೆ ಎಷ್ಟು ದಿನ?"

"ದಿನಾ?" ಹುಲಗೇಶ ನಕ್ಕ. "ಮ್ಯಾಲ ಒಣಗತೈತಿ. ಒಳಗ ಗಟ್ಟಿ ಆಗಾಕ ವರ್ಷಗಟ್ಟಲೆ ಬೇಕ್ರಿ."

"ಸೋಮವಾರ ಇಲ್ಲೇ ಇದ್ರಾ?"

"ಇಲ್ರೀ, ರಜಾ. ಸಾಹುಕಾರ್ರು ಒಬ್ಬರ ಇದ್ರು."

ಸಾಹುಕಾರರೆಂದರೆ ನನ್ನ ಅಪ್ಪ, ವೈಜನಾಥ. ಕಿಟಕಿಯ ಕೆಳಗೆ ಚಾಪೆಯ ಮೇಲೆ ಕೂತಿದ್ದ. ಕಿಟಕಿಯಲ್ಲಿ ಕುಸುಬಿ ಎಣ್ಣೆಯ ಕ್ಯಾನು.

"ದಿನಕ್ಕೆ ಎಷ್ಟು ಎಣ್ಣೆ ಬೇಕು ಅಂಕಲ್?"

"ಪಾವು ಲೀಟರ್."

"ಈ ಕ್ಯಾನ್ ಯಾವಾಗ ತಂದ್ರಿ?"

"ಶುಕ್ರವಾರ. ಹಳೇದು ಮುಗಿದಿತ್ತು."

"ದೀಪ ಹೋಗಿದ್ದು?"

"ಸೋಮವಾರ ರಾತ್ರಿ ಇತ್ತವಾ. ಮುಂಜಾನೆ ಎದ್ದು ನೋಡಿದ್ರ—"

ಪೂರ್ವಿ ಕ್ಯಾನಿನ ಮುಚ್ಚಳದ ಮೇಲೆ ಬೆರಳಾಡಿಸಿದಳು. ಮತ್ತೇನೂ ಕೇಳಲಿಲ್ಲ. ಗೋಡೆಗಳನ್ನೇ ನೋಡುತ್ತ ಕೋಣೆಯಿಂದ ಕೋಣೆಗೆ ನಡೆದಳು. ಪಡಸಾಲೆಯ ಮೂಲೆಯಲ್ಲಿ ನಿಂತಳು.

ನೆಲದಿಂದ ಒಂದು ಕೆಂಪು ಗೆರೆ ಗೋಡೆ ಹತ್ತುತ್ತಿತ್ತು. ಇರುವೆಗಳು. ಕನಸಿನಲ್ಲಿ ಜಾತ್ರೆಗೆ ಹೊರಟಂತೆ, ಸದ್ದಿಲ್ಲದೆ, ಒಂದರ ಹಿಂದೊಂದು. ಎದೆಯೆತ್ತರದಲ್ಲಿ ಚೌಕವಾಗಿ ಹರಡಿಕೊಂಡಿದ್ದವು.

"ಇಲ್ಲಿ ಮೊದಲು ಏನಿತ್ತು?"

ನೆನಪಾಗಲು ಹೊತ್ತು ಹಿಡಿಯಿತು. "ಇನ್ನೊಂದು ಮಾಡ. ಉಪಯೋಗ ಇರಲಿಲ್ಲ."

ಹುಲಗೇಶ ಗಾರೆಯನ್ನು ಉಗುರಿನಿಂದ ಕೆರೆದು ಮೂಸಿದ. "ಇದು ನನ್ನ ಕೈ ಅಲ್ರೀ. ಹಸೀ ಬೆಲ್ಲ ಪುಡಿ ಮಾಡಿ ಕಲಸ್ಯಾರ."

ಉಳಿ ತಂದ. ನಾಲ್ಕು ಇಟ್ಟಿಗೆ ಬಿದ್ದವು. ಹಿಂದೆ ದೀಪ— ಮೈಯೆಲ್ಲ ಸುಣ್ಣ, ಬಿಳಿ ಕಂಬಳಿ ಹೊದ್ದು ಮಲಗಿದಂತೆ.

"ಗಾರೆ ಗೊತ್ತಿರೋರು ಬೆಲ್ಲ ಕೊಳೆಸಿ ಹಾಕ್ತಾರೆ, ಅದಕ್ಕೆ ಇರುವೆ ಬರಲ್ಲ," ಪೂರ್ವಿ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದಳು. "ಇದು ಬೆಲ್ಲ ಹಾಕೋದನ್ನ ಬರೀ ನೋಡಿದೋರ ಕೆಲಸ. ಇನ್ನು ಎಣ್ಣೆ. ಕ್ಯಾನಿನ ಸೀಲು ಒಡೆದೇ ಇಲ್ಲ ಪಿಂಕಿ. ಹಳೇ ಎಣ್ಣೆ ಶುಕ್ರವಾರ ಮುಗೀತು. ಹಾಗಾದ್ರೆ ಸೋಮವಾರದವರೆಗೆ ದೀಪ ಯಾವ ಎಣ್ಣೇಲಿ ಉರೀತು?"

ಸದ್ದು ಕೇಳಿ ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದ.

"ಕಳವಾಗೋ ಮೊದಲೇ ದೀಪ ನಂದಿತ್ತು. ಅಲ್ವಾ ಅಂಕಲ್?"

ಅಪ್ಪ ನನ್ನತ್ತ ನೋಡಲಿಲ್ಲ.

"ಎಣ್ಣಿ ತರಾಕ ಹ್ವಾದಾಂವ ಟೈಲ್ಸ್ ಅಂಗಡ್ಯಾಗ ಮೂರು ತಾಸು ಕುಂತೆ. ಬಂದು ನೋಡಿದ್ರ ಬತ್ತಿ ತಣ್ಣಗಾಗಿತ್ತು."

"ಮತ್ತ ಹಚ್ಚಬೇಕಿಲ್ಲ ಅಪ್ಪಾ?"

"ಹಚ್ಚಿದ್ರ ಅದು ನಾ ಹಚ್ಚಿದ ದೀಪ ಆಗ್ತಿತ್ತು, ಮುತ್ತ್ಯಾಂದಲ್ಲ. ನಮ್ಮವ್ವಗ ದಿನಾ ಸುಳ್ಳು ಹೆಂಗ ಹೇಳ್ಲಿ? ಸೋಮವಾರ ಗೋಡ್ಯಾಗ ಇಟ್ಟು ಮುಚ್ಚಿದೆ. ಕಳವಾತಂದ್ರ ಕಳ್ಳಗ ಬೈತಾಳ ಅನ್ಕೊಂಡೆ. ಮನೀನ ಬ್ಯಾಡ ಅಂತಾಳ ಅಂತ ಯಾರಿಗೆ ಗೊತ್ತು?"

ಸಂಜೆ ಆಯಿ ಬಂದಳು, ಅವ್ವನ ತೋಳು ಹಿಡಿದುಕೊಂಡು. ಎಲ್ಲವನ್ನೂ ಅಪ್ಪನೇ ಹೇಳಿದ, ನೆಲ ನೋಡುತ್ತ. ಆಯಿಯ ಮುಖ ಅಲುಗಲಿಲ್ಲ.

ಪೂರ್ವಿ ಜೇಬಿನಿಂದ ಡಬ್ಬಿ ತೆಗೆದು ಅವಳ ಅಂಗೈಯಲ್ಲಿಟ್ಟಳು. ಮುಚ್ಚಳ ಬಿಚ್ಚಿತು. ತುಂಬ ಬೆಂಕಿಕಡ್ಡಿ. ಡಬ್ಬಿ ಹಳೆಯದು, ಕಡ್ಡಿಗಳು ಹೊಸವು.

"ದೇವರ ಮಾಡದಲ್ಲಿತ್ತು. ಎಂದೂ ನಂದದ ದೀಪಕ್ಕೆ ಇದ್ಯಾಕೆ ಆಯಿ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ಮದುವ್ಯಾಗಿ ಬಂದ ಮೂರನೇ ದಿನ ನಮ್ಮತ್ತಿ ತೋರಿಸಿದ್ರು," ಅಂದಳು ಆಯಿ, ಅವ್ವನ ಕಡೆ ಕೈ ಮಾಡಿ. "ಈಕಿಗೆ ನಾ ತೋರಿಸ್ದೆ."

"ಎಷ್ಟು ಸಲ ನಂದಿತ್ತು?"

"ಕುಂತು ಎಣಿಸ್ಲೇನು?" ಅಪ್ಪನ ಕಡೆ ತಿರುಗಿದಳು. "ಗಂಡಸರಿಗೆ ಹೇಳೂ ಪದ್ಧತಿ ಇದ್ದಿಲ್ಲಪ್ಪ. ನಂದು ತಪ್ಪಾತು. ತಗೋ, ಹಚ್ಚು."

ಅಪ್ಪ ದೀಪದ ಸುಣ್ಣ ಒರೆಸಿ, ಕ್ಯಾನಿನ ಸೀಲು ಒಡೆದು ಎಣ್ಣೆ ಸುರಿದ. ಮೂರನೆಯ ಕಡ್ಡಿಗೆ ಬತ್ತಿ ಹೊತ್ತಿತು. ಗೋಡೆಗಳ ನೀಲಿ ಕರಗಿ ಹಳದಿಯಾಯಿತು.

ಕಾಕಾ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ. "ಅವ್ವಾ, ಆಯ್ತವಾರದ ಸಹಿ?"

ಆಯಿ ಗೋಡೆಯ ಹಸಿ ಗಾರೆಯ ಮೇಲೆ ಅಂಗೈ ಇಟ್ಟಳು.

"ಮೊದಲ ಇದು ಗಟ್ಟಿಯಾಗಲಿ ತಗೋ."