ಕಣ್ಣಿಗಿಡುವ ಬಿಳಿ ಚುಕ್ಕೆ

"ಇಲ್ಲಿರೋದನ್ನೆಲ್ಲಾ ನೋಡಿ, ಬೇಕಾದ್ರೆ ಕೈಗೆ ತಗೊಂಡೇ ನೋಡಿ. ಆ ಕಪಾಟಲ್ಲಿರೋ ಕುಂಚ ಒಂದನ್ನ ಮಾತ್ರ ಮುಟ್ಟಬೇಡಿ ಮೇಷ್ಟ್ರೇ."

ಡ್ರಾಯಿಂಗ್ ಮೇಷ್ಟ್ರು ನಕ್ಕುಬಿಟ್ಟರು. "ಯಾಕಮ್ಮಾ, ಮುಟ್ಟಿದ್ರೆ ಕಚ್ಚುತ್ತಾ?"

ಕುಂಚದಮ್ಮ ನಗಲಿಲ್ಲ. ಆಕೆಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಳಿಗೆಯ ಕೋಣೆಯಲ್ಲಿ ಒಬ್ಬಳೇ ಕೂತು ಮುಖಗಳನ್ನು ಬರೆಯುತ್ತಾಳೆ, ಯಾರ ಮನೆಗೂ ಹೋಗುವುದಿಲ್ಲ, ಇವಳ ಮನೆಗೂ ಯಾರೂ ಬರುವುದಿಲ್ಲ, ಇಷ್ಟೇ ಗೊತ್ತಿದ್ದದ್ದು.

"ಅದಕ್ಕೆ ಮಾಟ ಮಾಡಿಸಿದ್ದಾರೆ," ಎಂದಳು ತಗ್ಗಿದ ದನಿಯಲ್ಲಿ. "ಯಾವ ಕಾಲದ್ದೋ ಏನೋ. ಒಬ್ಬ ಚಿತ್ರಗಾರ ಜೊತೆಗಾರನ ಮೇಲಿನ ಹೊಟ್ಟೆಕಿಚ್ಚಿಗೆ ತನ್ನ ತಲೆಕೂದಲನ್ನೇ ಕಿತ್ತುಕೊಟ್ಟು ಕಟ್ಟಿಸಿದ್ನಂತೆ. 'ಅವನಿಗೆ ಕಲೆ ಒಲೀಲಿ, ಜನ ಒಬ್ರೂ ಉಳೀದೆ ಹೋಗ್ಲಿ' ಅಂತ. ಅದರಿಂದ ಯಾರ ಕಣ್ಣಿಗೆ ಚುಕ್ಕೆ ಇಡ್ತೀರೋ ಅವರು ನಿಮ್ಮನ್ನ ಮರೀತಾರೆ. ಮತ್ತೆ ಎಷ್ಟು ಸಲ ಪರಿಚಯ ಮಾಡ್ಕೊಂಡ್ರೂ, ಬೆನ್ನು ತಿರುಗಿಸಿದ ಕೂಡ್ಲೇ ಮರೀತಾರೆ."

ಮುಖ ಬರೆಯುವವರೆಲ್ಲ ಕಣ್ಣಿನೊಳಗಿನ ಆ ಬಿಳಿ ಚುಕ್ಕೆಯನ್ನು ಕಟ್ಟಕಡೆಗೆ ಇಡುತ್ತಾರೆ. ಅಲ್ಲಿಯವರೆಗೆ ಮುಖ ಬರೀ ಬಣ್ಣ. ಚುಕ್ಕೆ ಬಿದ್ದ ಮೇಲೆ ಅದು ಮನುಷ್ಯ. ಮೇಷ್ಟ್ರು ಇದನ್ನು ತಮ್ಮ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವರು.

"ಹಾಗಾದ್ರೆ ನಮ್ಮ ಹೆಡ್ಮಾಸ್ಟರನ್ನ ಮೊದ್ಲು ಬರೀಬೇಕು ಬಿಡಿ!" ಎಂದರು.

"ಕೆಳಗಡೆ ಮನೇಲಿ ಒಬ್ಬರು ಅಜ್ಜಿ ಇದ್ದಾರಲ್ಲ," ಎಂದಳು ಆಕೆ. "ಅವರು ನನ್ನ ಹೆತ್ತ ತಾಯಿ. ಮೇಲೆ ಯಾರೋ ಬಾಡಿಗೆಯವಳಿದ್ದಾಳೆ ಅನ್ಕೊಂಡಿದ್ದಾರೆ."

ಪಾಪ, ಒಂಟಿಯಾಗಿದ್ದು ಇದ್ದು ತಲೆ ಕೆಟ್ಟಿದೆ ಎಂದುಕೊಂಡರು ಮೇಷ್ಟ್ರು. ಅವರಿಗೆ ಒಂಟಿತನವೆಂದರೆ ಏನೆಂದೇ ಗೊತ್ತಿರಲಿಲ್ಲ. ಈ ಊರಿಗೆ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ, ಆಗಲೇ ಬೀದಿಯ ನಾಯಿಗೂ ಅವರ ಚಪ್ಪಲಿ ಸದ್ದು ಗೊತ್ತಿತ್ತು. ಕಟಿಂಗ್ ಶಾಪಿನವನು ಅವರಿಗೆ ಜೀವದ ಗೆಳೆಯ. ಮನೆಯಿಂದ ಸ್ಕೂಲಿಗೆ ಹತ್ತು ನಿಮಿಷದ ದಾರಿ, ಹರಟೆ ಸೇರಿದರೆ ಒಂದು ಗಂಟೆ. ಇಷ್ಟೆಲ್ಲ ಇದ್ದೂ ಅವರ ಹೊಟ್ಟೆಯಲ್ಲಿ ಒಂದು ಕೆಂಡವಿತ್ತು, ಅದಕ್ಕೆ ಕಾರಣ ಈ ಕುಂಚದಮ್ಮ.

ಲೈಬ್ರರಿಯ ಹಾಲಿನಲ್ಲಿ ಊರಿನ ಚಿತ್ರಗಾರರ ಪ್ರದರ್ಶನ ನಡೆದಿತ್ತು. ಮೇಷ್ಟ್ರ ಚಿತ್ರಗಳ ಮುಂದೆ ಜನವೋ ಜನ. "ಚೆನ್ನಾಗಿದೆ ಮೇಷ್ಟ್ರೇ!" ಎಂದು ಬೆನ್ನು ತಟ್ಟಿದವರೇ ಎಲ್ಲರೂ. ಆದರೆ ಬೆನ್ನು ತಟ್ಟಿದ ಅದೇ ಜನ ಪಕ್ಕದ ಗೋಡೆಗೆ ಹೋಗಿ, ಕುಂಚದಮ್ಮ ಬರೆದ ಒಂದು ಮುದಿ ಮುಖದ ಮುಂದೆ ಸುಮ್ಮನೆ ನಿಂತುಬಿಟ್ಟರು. ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಎಂದೂ ಅಳದ ಪೋಸ್ಟ್‌ಮನ್ ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ಅವತ್ತಿನಿಂದ ಮೇಷ್ಟ್ರಿಗೆ 'ಚೆನ್ನಾಗಿದೆ' ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮನುಷ್ಯರ ಜೊತೆ ನಾಲ್ಕು ಮಾತಾಡಲು ಬಾರದವಳಿಗೆ ಮನುಷ್ಯರ ಮುಖ ಹೇಗೆ ಒಲಿಯಿತು?

"ಕಾಫಿ ತರ್ತೀನಿ, ಕೂತಿರಿ," ಎಂದು ಕುಂಚದಮ್ಮ ಒಳಗೆ ಹೋದಳು. ಕಪಾಟಿನ ಬೀಗದಲ್ಲಿ ಕೀಲಿ ಹಾಗೇ ನೇತಾಡುತ್ತಿತ್ತು.

ಕಪಾಟು ತೆರೆದಾಗ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಕುಂಚ ಚಿಕ್ಕದು, ಹಿಡಿಗೆ ಕರಿ ದಾರ ಸುತ್ತಿದೆ. ಬೆರಳಿಗೆ ತಗುಲಿದಾಗ ಅದು ಬೆಚ್ಚಗಿತ್ತು. ಕದಿಯುತ್ತಿಲ್ಲ, ಎರವಲು ತೆಗೆದುಕೊಳ್ಳುತ್ತಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡು ಅದನ್ನು ಶರ್ಟಿನ ತೋಳಿನೊಳಗೆ ತೂರಿಸಿಕೊಂಡರು. ಆಮೇಲೆ ಕೂತು ಕಾಫಿಯನ್ನೂ ಕುಡಿದರು, ಸಕ್ಕರೆ ಕಮ್ಮಿಯಾಯಿತು ಎಂದೂ ಅಂದರು.

ಮೊದಲು ಕೂತವನು ಕಟಿಂಗ್ ಶಾಪಿನ ಗೆಳೆಯ. ಮುಖವನ್ನೆಲ್ಲ ಮಾಮೂಲಿ ಕುಂಚದಲ್ಲೇ ಬರೆದು, ಕಡೆಗೆ ಆ ಕುಂಚದಿಂದ ಎರಡು ಚುಕ್ಕೆ ಇಟ್ಟರು. ಇಟ್ಟವರೇ ಒಂದು ಹೆಜ್ಜೆ ಹಿಂದೆ ಸರಿದರು. ಕ್ಯಾನ್ವಾಸಿನ ಮೇಲಿದ್ದವನು ದಿನವಿಡೀ ಊರವರ ಗುಟ್ಟು ಕೇಳಿ ಕೇಳಿ ತನ್ನದನ್ನು ಯಾರಿಗೂ ಹೇಳಲಾಗದೆ ಉಳಿದ ಮನುಷ್ಯ. ಇಷ್ಟು ದಿನ ಹರಟೆ ಹೊಡೆದರೂ ಮೇಷ್ಟ್ರಿಗೆ ಇದು ಕಂಡಿರಲಿಲ್ಲ.

ಗೆಳೆಯ ಎದ್ದು ಬಂದು ಚಿತ್ರ ನೋಡಿದ. ಕಣ್ಣು ತುಂಬಿಕೊಂಡಿತು.

"ಯಾರು ಬರೆದದ್ದು ಇದು?"

"ನಾನೇ ಕಣೋ!"

"ತಾವು... ಯಾರು ಅಂತ ಗೊತ್ತಾಗಲಿಲ್ವಲ್ಲ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಅವನು ಹೋದ ಮೇಲೆ ಕುಂಚ ತೊಳೆಯುವಾಗ ಅದರಲ್ಲಿ ಒಂದು ಹೊಸ ಕೂದಲು ಕಂಡಿತು. ಬುಡ ಬೆಳ್ಳಗೆ, ತುದಿ ಕೆಂಚಗೆ, ಗೆಳೆಯನ ಬಣ್ಣ ಹಾಕಿದ ಕೂದಲಿನ ಹಾಗೆಯೇ. ಎಳೆದರು. ಬರಲಿಲ್ಲ.

ಅದೇ ವಾರ ಕುಂಚದಮ್ಮನ ಮಾಳಿಗೆಯ ಮೆಟ್ಟಿಲಿನ ಮೇಲೆ ಗದ್ದಲವೆದ್ದಿತ್ತು. ಕೆಳಗಿನ ಮನೆಯ ಅಜ್ಜಿ ಕೈಗೋಲು ಊರಿಕೊಂಡು ಏದುಸಿರು ಬಿಡುತ್ತ ಹತ್ತಿದವಳು, "ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ, ನನ್ನ ಮಗಳೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನೆಂಟರು ಬಂದರು, ಹಳೆಯ ಗೆಳತಿಯರು ಬಂದರು. ಇದನ್ನು ನೋಡಿದ ಮೇಷ್ಟ್ರಿಗೆ ಹೆದರಿಕೆಯಾಗಬೇಕಿತ್ತು. ಹೊಟ್ಟೆ ಉರಿಯಿತು. ಇವಳಿಗೆ ಈಗ ಜನವೂ ಸಿಕ್ಕರೇ!

ಅವರು ಬರೆದರು. ಪೋಸ್ಟ್‌ಮನ್‌ನನ್ನು ಬರೆದರು, ಎದುರು ಮನೆಯ ದಂಪತಿಗಳನ್ನು ಬರೆದರು, ಹೆಡ್ಮಾಸ್ಟರನ್ನೂ ಬರೆದರು. ಲೈಬ್ರರಿಯ ಗೋಡೆ ತುಂಬಿತು. ಪಕ್ಕದೂರುಗಳಿಂದ ಬಂದವರು ಚಿತ್ರಗಳ ಮುಂದೆ ಬಾಯಿ ಕಟ್ಟಿ ನಿಂತರು, ಯಾರೂ ಬೆನ್ನು ತಟ್ಟಲಿಲ್ಲ. ಸ್ಕೂಲಿನಲ್ಲಿ ಹೆಡ್ಮಾಸ್ಟರು, "ತಮಗೆ ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದಾಗಲೂ ಮೇಷ್ಟ್ರು ಒಪ್ಪಲಿಲ್ಲ. ಹೊಟ್ಟೆಕಿಚ್ಚು, ಬೇರೇನಿಲ್ಲ. ನಾನು ಮೇಲೆ ಬಂದದ್ದನ್ನು ಸಹಿಸಲಾರದೆ ಎಲ್ಲರೂ ಸೇರಿ ಗುರುತಿಲ್ಲದವರ ಹಾಗೆ ನಟಿಸುತ್ತಿದ್ದಾರೆ. ತಮ್ಮ ಹೊಟ್ಟೆಯಲ್ಲಿರುವುದೇ ಊರವರ ಹೊಟ್ಟೆಯಲ್ಲೂ ಇರುತ್ತದೆ ಎಂದು ನಂಬಿದವರಿಗೆ ಯಾರು ತಾನೇ ಬುದ್ಧಿ ಹೇಳಬೇಕು? ಕುಂಚ ಮಾತ್ರ ದಪ್ಪವಾಗುತ್ತ ಹೋಯಿತು.

"ಊರವರ ಮುಖವನ್ನೆಲ್ಲಾ ಬರೆದ್ರಿ," ಎಂದಳು ಹೆಂಡತಿ ಒಂದು ಮೋಡ ಕವಿದ ಮಧ್ಯಾಹ್ನ. "ಎದುರು ಮನೆಯವಳು ನಿಮ್ಮ ಕಣ್ಣಿಗೆ ಬಿದ್ಲು. ಕಟ್ಕೊಂಡವಳು ಬೀಳಲಿಲ್ಲ."

"ನಿನ್ನನ್ನ ಬೇಡ ಕಣೇ."

"ಯಾಕೆ? ನನ್ನ ಮುಖಕ್ಕೇನಾಗಿದೆ?"

ಯಾಕೆ ಬೇಡವೆಂದರೋ ಅವರಿಗೇ ಹೇಳಲಾಗಲಿಲ್ಲ. ಹೇಳಿದರೆ ಮಾಟವನ್ನು ನಂಬಿದಂತಾಗುತ್ತಿತ್ತು. ಹೆಂಡತಿ ಮುನಿಸಿನಿಂದ ತಾನೇ ಕುರ್ಚಿ ಎಳೆದುಕೊಂಡು ಕೂತಳು. ಮೇಷ್ಟ್ರು ಬರೆಯತೊಡಗಿದರು. ಹೊರಗೆ ಕತ್ತಲಾಗುತ್ತ ಬಂತು. ಅಗಸೆ ಎಣ್ಣೆಯ ವಾಸನೆಯ ಅಡಿಯಿಂದ ಆ ಇನ್ನೊಂದು ವಾಸನೆ ಎದ್ದಿತು, ಕೂದಲು ಸುಡುವ ವಾಸನೆ. ಕುಂಚದೊಳಗಿನಿಂದ ಸಣ್ಣಗೆ ಚರಚರ ಸದ್ದು. ಕೈ ನಿಲ್ಲಿಸಬೇಕೆಂದುಕೊಂಡರು. ನಿಲ್ಲಲಿಲ್ಲ. ಎಡಗಣ್ಣಿಗೊಂದು ಚುಕ್ಕೆ. ಬಲಗಣ್ಣಿಗೊಂದು ಚುಕ್ಕೆ.

ಹೆಂಡತಿ ತಲೆ ಎತ್ತಿದಳು. ಕುರ್ಚಿಯಿಂದ ಎದ್ದು ಹಿಂದಕ್ಕೆ ಸರಿದಳು.

"ಯಾರು ನೀನು? ಒಳಗೆ ಹೇಗೆ ಬಂದೆ?"

"ನಾನು ಕಣೇ..."

"ಹತ್ರ ಬರ್ಬೇಡ! ಕೂಗ್ತೀನಿ!"

ಮೇಷ್ಟ್ರಿಗೆ ಆಗ ಎಲ್ಲವೂ ಒಟ್ಟಿಗೇ ಹೊಳೆಯಿತು. ಬಣ್ಣ ಕೆರೆಯುವ ಚಾಕು ಕೈಗೆ ಬಂತು. ಚುಕ್ಕೆ ತೆಗೆದರೆ ಸರಿಹೋದೀತು. ತೆಗೆಯಬೇಕು. ಈಗಲೇ. ಎಡಗಣ್ಣಿನ ಚುಕ್ಕೆಯನ್ನು ಕೆರೆದರು. ಹಿಂದೆ ಚೀತ್ಕಾರ. ತಿರುಗಿದರು. ಹೆಂಡತಿ ಎಡಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು ನೆಲಕ್ಕೆ ಕುಸಿದಿದ್ದಳು. "ಕಾಣಿಸ್ತಿಲ್ಲ! ಕಣ್ಣು ಕಾಣಿಸ್ತಿಲ್ಲ!" ಬೆರಳ ಸಂದಿನಿಂದ ನೀರು. ಚಾಕು ಬಿತ್ತು. ಕುಂಚ ಎಲ್ಲಿ? ಬಿಳಿ ಬಣ್ಣ ಎಲ್ಲಿ? ಚುಕ್ಕೆ ಬಿತ್ತು. ಚೀತ್ಕಾರ ನಿಂತಿತು.

ಒಳಗಿನಿಂದ ಮಗಳು ಓಡಿ ಬಂದಳು.

"ಮನೆಗೆ ಯಾರೋ ನುಗ್ಗಿದ್ದಾನೆ ಕಣೇ!"

"ಅಮ್ಮಾ, ಅದು ಅಪ್ಪ! ಏನಾಯ್ತಮ್ಮ ನಿಂಗೆ?"

ಮೇಷ್ಟ್ರು ಬರಿಗಾಲಲ್ಲೇ ಕುಂಚದಮ್ಮನಲ್ಲಿಗೆ ಓಡಿದರು. ಆಕೆ ಈಗ ಕೆಳಗಿನ ಮನೆಯಲ್ಲಿ, ತಾಯಿಯ ತಲೆ ಬಾಚುತ್ತ ಕೂತಿದ್ದಳು.

"ತಗೊಳ್ಳಿ ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ವಾಪಸ್ ತಗೊಳ್ಳಿ."

"ಕೊಟ್ರೆ ಹೋಗಲ್ಲ ಮೇಷ್ಟ್ರೇ. ಸುಟ್ರೂ ಹೋಗಲ್ಲ, ನಾನು ಮಾಡಿ ನೋಡಿದ್ದೀನಿ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ ಯಾರಾದ್ರೂ ಕದೀಬೇಕು. ಆಗ ನಿಮ್ಮವರಿಗೆಲ್ಲಾ ನಿಮ್ಮ ನೆನಪು ಬರುತ್ತೆ. ಮಾಟ ಕದ್ದವರ ಪಾಲಿಗೆ ಹೋಗುತ್ತೆ."

"ಗೊತ್ತಿದ್ದೂ..."

"ಮುಟ್ಟಬೇಡಿ ಅಂತ ಹೇಳಿದ್ದು ನಾನೇ. ಕೀಲಿ ಬಿಟ್ಟಿದ್ದೂ ನಾನೇ." ಬಾಚಣಿಗೆ ನಿಂತಿತು. "ಎರಡೂ ಮನಸಾರೆ ಮಾಡಿದ್ದು. ಬೇಕಾದ್ರೆ ನಂಗೆ ಶಾಪ ಹಾಕಿ."

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು. ತಮ್ಮ ಮನೆಗೇ ಕಳ್ಳನಾದ ಮೇಷ್ಟ್ರು ಅದೇ ಮಾಳಿಗೆಯ ಕೋಣೆಗೆ ಬಂದು ಸೇರಿದರು. ಕುಂಚ ಮತ್ತೆ ಕಪಾಟು ಸೇರಿತು, ಕೀಲಿ ಹಾಗೇ ಬೀಗದಲ್ಲಿತ್ತು. ಬೀದಿಗಿಳಿದರೆ ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಿತ್ತು, ಅದನ್ನು ಬರೆದಿರಲಿಲ್ಲ.

ಮಗಳನ್ನೂ ಬರೆದಿರಲಿಲ್ಲ. ಅವಳೊಬ್ಬಳು ಬರುತ್ತಿದ್ದಳು, ಊಟದ ಡಬ್ಬಿ ಹಿಡಿದುಕೊಂಡು. ಕಾಲೇಜಿಗೆ ಹೋಗುವ ಹುಡುಗಿ, ಅಪ್ಪನ ಹತ್ತಿರವೇ ಕುಂಚ ಹಿಡಿಯಲು ಕಲಿತವಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ಕೇಳಿದರೆ ಮೇಷ್ಟ್ರಿಗೆ ಉಸಿರು ಬಂದಂತಾಗುತ್ತಿತ್ತು. ಒಂದು ಸಂಜೆ ಅವಳು ಡಬ್ಬಿಯನ್ನು ಕುಕ್ಕಿದಳು.

"ಲೈಬ್ರರೀಲಿ ನನ್ನ ಚಿತ್ರಗಳನ್ನೂ ಇಟ್ಟಿದ್ರು. ಎಲ್ಲರೂ ಚೆನ್ನಾಗಿದೆ ಮಗೂ ಅಂದ್ರು. ಆಮೇಲೆ ನಿಮ್ಮ ಗೋಡೆ ಮುಂದೆ ಹೋಗಿ ಅತ್ರು."

ಮೇಷ್ಟ್ರು ತೆಗೆಯಹೊರಟ ಡಬ್ಬಿಯನ್ನು ಹಾಗೇ ಬಿಟ್ಟರು.

"ಆ ಕುಂಚ ನಂಗೆ ಕೊಡಿ ಅಪ್ಪಾ."

"ಅದನ್ನ ಮುಟ್ಟಬೇಡ. ಅದರಿಂದಲೇ ಕಣೇ ನಿಮ್ಮಮ್ಮ..."

"ಅಮ್ಮಂಗೆ ಮರೆವಿನ ಕಾಯಿಲೆ ಅಂತ ಡಾಕ್ಟರೇ ಹೇಳಿದ್ದಾರೆ. ನಾನು ನಿಮಗಿಂತ ಚೆನ್ನಾಗಿ ಬರೆದುಬಿಡ್ತೀನಿ ಅಂತ ನಿಮಗೆ ಭಯ." ಅವಳು ನಕ್ಕಳು. "ಮುಟ್ಟಿದ್ರೆ ಕಚ್ಚುತ್ತಾ?"

ಅವಳ ಕಣ್ಣು ಕಪಾಟಿನ ಕಡೆ ಹೋಗಿ ಬಂತು. ಆ ನೋಟವನ್ನು ಮೇಷ್ಟ್ರು ಬಲ್ಲರು.

"ನೀರು ತರ್ತೀನಿ," ಎಂದರು. ಹೇಳಿದ್ದು ಅವರ ಬಾಯಿಯೇ. ಕೊಡ ಎತ್ತಿಕೊಂಡು ಮೆಟ್ಟಿಲಿಳಿದದ್ದು ಅವರ ಕಾಲೇ. ಕೆಳಗೆ ನಲ್ಲಿ ತಿರುಗಿಸಿ ನಿಂತರು. ಇಲ್ಲೇ ನಿಂತಿದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ನಾಳೆ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲಿ ಹಾಳಾಗಿ ಹೋಗಿದ್ರಿ ಎಂದು ಬೈಯುತ್ತಾಳೆ. ಕಟಿಂಗ್ ಶಾಪಿನವನು ಬೀದಿಯಿಂದಲೇ ಕೂಗಿ ಕರೆಯುತ್ತಾನೆ. ಆ ಬೈಗುಳಕ್ಕಾಗಿ, ಆ ಕೂಗಿಗಾಗಿ ಜೀವ ಬಾಯಿಬಿಟ್ಟಿತು. ಕೊಡ ತುಂಬಿ ನೀರು ಕಾಲ ಮೇಲೆ ಸುರಿಯಿತು. ಮೇಲೆ ಕಪಾಟಿನ ಬಾಗಿಲು ಕಿರ್ರೆಂದಿತು.

ಮೇಷ್ಟ್ರು ಕೊಡ ಬಿಸಾಕಿ ಓಡಿದರು. ಎಡವಿದರು. ಎದ್ದರು. ಓಡಿದರು. ಸುಟ್ಟ ಕೂದಲಿನ ವಾಸನೆ ಮೆಟ್ಟಿಲವರೆಗೂ ಬಂದಿತ್ತು. ಮಗಳು ಕಪಾಟಿನೊಳಗೆ ಕೈ ಚಾಚಿದ್ದಳು. ಬೆರಳಿಗೂ ಕುಂಚಕ್ಕೂ ಗೇಣು ದೂರ.

"ಮಗಳೇ!"

ಅವಳು ಬೆಚ್ಚಿ ತಿರುಗಿದಳು.

"ಕೂತ್ಕೋ," ಎಂದರು ಏದುಸಿರಿನಲ್ಲಿ. "ನಿನ್ನನ್ನ ಬರೀತೀನಿ."

ಅವಳ ಮುಖ ಅರಳಿತು. "ಊರವರನ್ನೆಲ್ಲಾ ಬರೆದು ನನ್ನನ್ನ ಮಾತ್ರ ಬಿಟ್ಟಿದ್ರಿ. ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

"ಗೊತ್ತು ಕಣೇ."

ಇಲ್ಲಿ ತಾನಾಗಿ ಕದಿಯಲು ಬರುವವಳು ಅವಳೊಬ್ಬಳೇ. ಅವಳು ಮರೆತುಬಿಟ್ಟರೆ ಈ ಮೆಟ್ಟಿಲನ್ನೇ ಹತ್ತುವುದಿಲ್ಲ, ಕುಂಚದ ಗೊಡವೆ ಅವಳಿಗೆ ಇರುವುದಿಲ್ಲ. ಮೇಷ್ಟ್ರು ನಿಧಾನವಾಗಿ ಬರೆದರು, ಆದಷ್ಟು ನಿಧಾನವಾಗಿ. ಮಗಳು ಏನೇನೋ ಹರಟಿದಳು. ಕಾಲೇಜಿನ ಸುದ್ದಿ, ಅಮ್ಮನ ಸುದ್ದಿ. ಚಿಕ್ಕಂದಿನಲ್ಲಿ ಬಣ್ಣದ ನೀರು ಕುಡಿದು ಬೈಸಿಕೊಂಡ ಕತೆ ಹೇಳುತ್ತ ನಗುನಗುತ್ತ ಅಪ್ಪನ ಮುಖ ನೋಡಿದಳು. ಆ ನೋಟವನ್ನೇ ಹಿಡಿದರು. ಚುಕ್ಕೆಗಳೆರಡು ಉಳಿದವು.

"ಒಂದ್ಸಲ ಅಪ್ಪಾ ಅನ್ನು."

"ಅಪ್ಪಾ. ಯಾಕೆ ಅಳ್ತಿದ್ದೀರಿ, ಅಪ್ಪಾ?"

ಚುಕ್ಕೆ ಇಟ್ಟರು. ಕುಂಚದಲ್ಲಿ ಉದ್ದನೆಯ ಒಂದು ಕರಿ ಕೂದಲು ಮೂಡಿತು.

ಹುಡುಗಿ ಎದ್ದು ನಿಂತು ಕೋಣೆಯನ್ನು ಅತ್ತಿತ್ತ ನೋಡಿದಳು. ಕ್ಯಾನ್ವಾಸಿನ ಮುಂದೆ ಬಂದಳು.

"ಇದು ನಾನೇ ಅಲ್ವಾ ಸರ್?" ಎಂದಳು, ಕೆನ್ನೆ ಒರೆಸಿಕೊಳ್ಳುತ್ತ. "ಇಷ್ಟು ಪ್ರೀತಿಯಿಂದ ಯಾರನ್ನ ನೋಡ್ತಾ ಇದೀನಿ ಇದ್ರಲ್ಲಿ?"

ಮೇಷ್ಟ್ರು ಬೆನ್ನು ತಿರುಗಿಸಿ ಕುಂಚವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೀಲಿಯನ್ನು ಕಿಟಕಿಯಿಂದ ಹಿತ್ತಿಲ ಚರಂಡಿಗೆ ಎಸೆದರು. ತಿರುಗುವಷ್ಟರಲ್ಲಿ ಹೆಜ್ಜೆಗಳು ಮೆಟ್ಟಿಲಿಳಿಯುತ್ತಿದ್ದವು.

ಕೆಳಗಿನ ಜಗಲಿಯಿಂದ ಅಜ್ಜಿಯ ದನಿ ಕೇಳಿತು. "ಮೇಲೆ ಯಾರನ್ನ ನೋಡೋಕೆ ಹೋಗಿದ್ಯೇ ಹುಡುಗಿ?"

"ಯಾರನ್ನೂ ಇಲ್ಲ ಅಜ್ಜಿ. ಮನೆ ತಪ್ಪಿ ಹತ್ತಿಬಿಟ್ಟೆ."